ತುಳಿಯೋದು ನಿಲ್ಲಿಸಿದರೆ ಚೈನ್ ಜೋತು ಬೀಳುತ್ತದೆ

ಪ್ರಶ್ನೆ: ಅಣ್ಣಾ, ನನ್ನದು 7 ಗೇರಿನ ಸೈಕಲ್. ಭಾನುವಾರ ಗೆಳೆಯರ ಜೊತೆ ನಂದಿ ಬೆಟ್ಟ ಹತ್ತುತ್ತೇನೆ. ಹತ್ತುವಾಗ ತೊಂದರೆ ಇಲ್ಲ. ಇಳಿಯುವಾಗ ತುಳಿಯೋದು ನಿಲ್ಲಿಸಿದ ಕೂಡಲೇ ಮೇಲಿನ ಚೈನ್ ಸಡಿಲವಾಗಿ ಫ್ರೇಮಿಗೆ ಟಪಟಪ ಬಡಿಯುತ್ತದೆ. ಒಂದು ಅಂಗಡಿಯಲ್ಲಿ ಚೈನಿನ ಎರಡು ಲಿಂಕ್ ತೆಗೆಸು ಅಂದರು. ತೆಗೆಸಲಾ?
– ಕಾಲೇಜು ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಬೇಡ ತಮ್ಮಾ, ಲಿಂಕ್ ತೆಗೆಸಬೇಡ. ಚೈನ್ ಉದ್ದವಾಗಿದ್ದರೆ ತುಳಿಯುವಾಗಲೂ ತಕರಾರು ಮಾಡುತ್ತಿತ್ತು. ಗಿಡ್ಡ ಮಾಡಿಸಿ ದೊಡ್ಡ ಹಲ್ಲಿನ ಗೇರಿಗೆ ಹಾಕಿದರೆ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿಂದ ಇನ್ನೊಂದಕ್ಕೆ ಸರಿಸುವ ತೋಳು, ಕಿತ್ತು ಬರಬಹುದು.

ನನಗೆ ಅನುಮಾನ ಫ್ರೀವೀಲ್ ಮೇಲೆ, ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿಗಳ ಗುಂಪಿನ ಮೇಲೆ. ನೀನು ತುಳಿಯದೆ ಇದ್ದಾಗ ಚಕ್ರ ಮಾತ್ರ ತಿರುಗಬೇಕು, ಫ್ರೀವೀಲಿನ ಹಲ್ಲು ನಿಂತೇ ಇರಬೇಕು. ಒಳಗೆ ಮಣ್ಣು ಸೇರಿ ಬಿಗಿಯಾದರೆ ಚಕ್ರ ಹಲ್ಲನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಲ್ಲು ಚೈನನ್ನು ಮುಂದಕ್ಕೆ ತಳ್ಳುತ್ತದೆ, ಪೆಡಲ್ ಮೇಲೆ ನಿನ್ನ ಕಾಲು ತಡೆದಿರುತ್ತದೆ. ಚೈನ್ ಇನ್ನೆಲ್ಲಿ ಹೋಗಬೇಕು? ಜೋತು ಬೀಳುತ್ತದೆ.

ಮನೆಯಲ್ಲೇ ನೋಡಬಹುದು. ಮುಂದಿನ ಹಲ್ಲುಚಕ್ರದಿಂದ ಚೈನ್ ಇಳಿಸಿ, ಫ್ರೀವೀಲನ್ನು ಕೈಯಿಂದ ಹಿಂದಕ್ಕೆ ತಿರುಗಿಸು. ಟಿಕ್ ಟಿಕ್ ಅಂತ ಒಂದೇ ಸಮ ಹಗುರವಾಗಿ ತಿರುಗಬೇಕು. ಕರಕರ ಅಂದರೆ, ನಡುವೆ ಹಿಡಿದರೆ, ಕಳ್ಳ ಸಿಕ್ಕ. ಅದು ಸರಿ ಇದ್ದರೆ ಡಿರೇಲರಿನ ಎರಡು ಪುಲ್ಲಿ ನೋಡು. ಅವುಗಳಿಗೆ ದಾರ, ಕೂದಲು ಸುತ್ತಿಕೊಂಡಿರುತ್ತದೆ. ಪುಲ್ಲಿ ಇರುವ ತೋಳನ್ನು ಮುಂದಕ್ಕೆ ತಳ್ಳಿ ಬಿಟ್ಟರೆ ಚಟ್ ಅಂತ ವಾಪಸ್ ಬರಬೇಕು.

ಹೋದ ಮಳೆಗಾಲದಲ್ಲಿ ಹಾಲಿನ ಕ್ಯಾನ್ ಹೊರುವ ಒಂದು ಸೈಕಲ್ ನನ್ನ ಹತ್ತಿರ ಬಂತು. ನಿನ್ನದೇ ಕಾಯಿಲೆ. ಚಕ್ರ ಬಿಚ್ಚಿ ಮಲಗಿಸಿ, ಫ್ರೀವೀಲಿನ ಸಂದಿಗೆ ಸೀಮೆಎಣ್ಣೆ ಬಿಟ್ಟು ತಿರುಗಿಸುತ್ತಾ ಹೋದೆ. ಮೊದಲು ಕಪ್ಪು, ಆಮೇಲೆ ನಮ್ಮೂರ ಹೊಲದ ಕೆಂಪು ಮಣ್ಣಿನ ನೀರು. ನಾಲ್ಕನೇ ಸಲಕ್ಕೆ ತಿಳಿಯಾಗಿ ಬಂತು. ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಹೊಲಿಗೆ ಮೆಷಿನ್ ಎಣ್ಣೆ ಐದಾರು ಹನಿ ಹಾಕಿದೆ. ಆ ಟಿಕ್ ಟಿಕ್ ಸದ್ದು ವಾಪಸ್ ಬಂದಾಗ ಆಗುವ ಖುಷಿ ನನಗೆ ಇವತ್ತಿಗೂ ಕಮ್ಮಿಯಾಗಿಲ್ಲ.

ನೀನೂ ಹಾಗೇ ಮಾಡು. ಆದರೆ ಗಟ್ಟಿ ಗ್ರೀಸ್ ಮಾತ್ರ ತುಂಬಬೇಡ. ಒಳಗಿನ ಸಣ್ಣ ಕೊಕ್ಕೆಗಳು ಅಂಟಿಕೊಂಡರೆ ಏರು ತುಳಿಯುವಾಗ ಪೆಡಲ್ ಜಾರಿ ಬೀಳುತ್ತೀಯ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಬಿಚ್ಚಿಟ್ಟು ಕೆಲಸ ಮಾಡು. ಅದಕ್ಕೆ ಎಣ್ಣೆ ತಾಗಿದರೆ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿಯಲ್ಲ.

ತೊಳೆದ ಮೇಲೂ ಹಿಡಿಯುತ್ತಿದ್ದರೆ ಫ್ರೀವೀಲ್ ಬದಲಾಯಿಸು. ಆಗ ಚೈನನ್ನೂ ಅಳೆದು ನೋಡು. ಹೊಸ ಚೈನಿನಲ್ಲಿ 24 ಲಿಂಕ್ ಅಂದರೆ ಸರಿಯಾಗಿ 12 ಇಂಚು. ನಿನ್ನದು 1/16 ಇಂಚು ಜಾಸ್ತಿ ಬಂದರೆ ಚೈನೂ ಸವೆದಿದೆ, ಎರಡನ್ನೂ ಒಟ್ಟಿಗೆ ಹಾಕಿಸು.

ಸರಿ ಆಗುವ ತನಕ ಬೆಟ್ಟಕ್ಕೆ ಹೋಗಬೇಡ. ಜೋತ ಚೈನ್ ಹಲ್ಲಿಂದ ಹಾರಿ ಸ್ಪೋಕಿಗೆ ಸಿಕ್ಕಿಕೊಂಡರೆ ತಿರುವಿನಲ್ಲೇ ಹಿಂದಿನ ಚಕ್ರ ಲಾಕ್ ಆಗುತ್ತದೆ.