ಸೋಲಿಲ್ಲದವರೇ ಮೇಲೆ ಅನ್ನೋ ಪಟ್ಟಿ ನಾನೂ ಮಾಡಿದ್ದೆ

ಒಂದೂ ಸೋಲಿಲ್ಲದ ಬಾಕ್ಸರ್‌ಗಳನ್ನೆಲ್ಲ ಮೇಲಿಟ್ಟು, ಸೋತವರನ್ನು ಕೆಳಗೆ ತಳ್ಳಿ, ಎಲ್ಲಾ ತೂಕದವರನ್ನೂ ಸೇರಿಸಿ ಹತ್ತು ಜನರ ಪಟ್ಟಿ ಮಾಡಿದ್ದೀರಿ, ಸರಿನಾ ಅಂತ ಕೇಳಿದ್ದೀರಿ. ಸರಿ ಇಲ್ಲ. ಇದೇ ಪಟ್ಟಿ ನನ್ನ ಹತ್ತಿರವೂ ಇತ್ತು. ಇನ್ನೂರು ಪುಟದ ನೋಟ್‌ಬುಕ್ಕು, ಎಡಕ್ಕೆ ಹೆಸರು, ಮಧ್ಯೆ ಗೆಲುವು, ಬಲಕ್ಕೆ ಸೋಲು. ಸೋಲಿನ ಜಾಗದಲ್ಲಿ ಸೊನ್ನೆ ಇದ್ದವರಿಗೆಲ್ಲ ಕೆಂಪು ಇಂಕು. ಆ ಸೊನ್ನೆಯ ಹಿಂದೆ ಬಿದ್ದು ನನಗೆ ಬಾಕ್ಸಿಂಗೇ ಕೈತಪ್ಪಿ ಹೋಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ವಿಜೇಂದರ್ ಸಿಂಗ್ 75 ಕೆಜಿಯಲ್ಲಿ ಕಂಚು ಗೆದ್ದಾಗ ನಾನು ಡಿಗ್ರಿ ಮೊದಲ ವರ್ಷ. ಮಿಲಿಟರಿಯಿಂದ ರಿಟೈರ್ ಆಗಿ ಬಂದಿದ್ದ ಒಬ್ಬರು ಸರ್ ಬೆಳಿಗ್ಗೆ ಆರಕ್ಕೆ ಐದಾರು ಹುಡುಗರಿಗೆ ಹೇಳಿಕೊಡುತ್ತಿದ್ದರು, ಅಲ್ಲಿ ಸೇರಿಕೊಂಡೆ. ಪಂಚಿಂಗ್ ಬ್ಯಾಗ್ ಅಂದರೆ ಕಾಫಿ ಗೋಣಿಚೀಲಕ್ಕೆ ಹಳೇ ಬಟ್ಟೆ, ಮಧ್ಯೆ ಸ್ವಲ್ಪ ಮರಳು ತುಂಬಿ ಮರಕ್ಕೆ ಕಟ್ಟಿದ್ದು. ಮರಳು ಕೆಳಗೆ ಇಳಿದು ಕೂತುಬಿಡುತ್ತಿತ್ತು. ಕೆಳಗೆ ಹೊಡೆದರೆ ಮಣಿಕಟ್ಟು ನೋಯುತ್ತಿತ್ತು, ಮೇಲೆ ಹೊಡೆದರೆ ಚೀಲ ಸುಮ್ನೆ ಮಡಚಿಕೊಳ್ಳುತ್ತಿತ್ತು.

ಒಂದೂವರೆ ವರ್ಷದಲ್ಲಿ ಆರು ಪಂದ್ಯ ಆಡಿದೆ, ಆರೂ ಗೆದ್ದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನನ್ನ ಹೆಸರನ್ನೂ ಬರೆದುಕೊಂಡೆ. ಗೆಲುವು 6, ಸೋಲು 0. ಕೆಂಪು ಇಂಕು.

2010ರ ಜನವರಿಯಲ್ಲಿ ಹಾಸನದಲ್ಲಿ ಒಂದು ಪಂದ್ಯಾವಳಿ ಇತ್ತು. ನನ್ನದು 60 ಕೆಜಿ ವಿಭಾಗ. ಅದೇ ತೂಕಕ್ಕೆ ಸಕಲೇಶಪುರ ಕಡೆಯ ಒಬ್ಬ ಹುಡುಗ ಹೆಸರು ಕೊಟ್ಟಿದ್ದಾನೆ ಅಂತ ಗೊತ್ತಾಯಿತು. ಅವನ ಆಟ ಒಮ್ಮೆ ನೋಡಿದ್ದೆ. ಎಡಗೈ ಆಟಗಾರ, ಉದ್ದ ಕೈ, ಒಂದು ಪೆಟ್ಟು ಕೊಟ್ಟು ಪಕ್ಕಕ್ಕೆ ಸರಿದರೆ ಎದುರಿಗಿದ್ದವನು ಗಾಳಿಗೆ ಹೊಡೆಯುತ್ತಿದ್ದ. ನಾನು ಸೋಲುವುದು ಹೆಚ್ಚುಕಡಿಮೆ ಗ್ಯಾರಂಟಿ ಅನ್ನಿಸಿತು. ಸರ್ ಹತ್ತಿರ ಹೋಗಿ 57ಕ್ಕೆ ಇಳಿಯುತ್ತೇನೆ ಅಂದೆ. "ಯಾಕೋ, ಅವನಿಗೆ ಹೆದರಿಕೊಂಡ್ಯಾ? ಸೋತ್ರೆ ಸೋಲು ಕಣೋ, ಅವನ ಜೊತೆ ಆಡಿದ್ರೆ ನೀನು ಕಲೀತೀಯ" ಅಂದರು. ಹೆದರಿಕೆ ಇಲ್ಲ ಸರ್, 57ರಲ್ಲಿ ನನಗೆ ಎತ್ತರದ ಲಾಭ ಸಿಗುತ್ತೆ ಅಂತ ವಾದ ಮಾಡಿದೆ. ಅವರು ಎರಡು ದಿನ ಬೇಡ ಅಂದರು, ಆಮೇಲೆ ನಿನ್ನಿಷ್ಟ ಅಂದರು.

ಈ ತಪ್ಪನ್ನು ಬಿಡಿಸಿ ಹೇಳಬೇಕು. ತೂಕ ಇಳಿಸುವ ವಿಷಯವನ್ನು ನಾನು ಓದಿದ್ದು ಸೈಬರ್ ಸೆಂಟರಿನಲ್ಲಿ, ಅದೂ ಪ್ರೊಫೆಷನಲ್ ಬಾಕ್ಸರ್‌ಗಳ ಬಗ್ಗೆ. ಅವರ ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಬೆವರು ಹರಿಸಿ, ನೀರು ಬಿಟ್ಟು, ಒಣಗಿ ತಕ್ಕಡಿ ಹತ್ತುತ್ತಾರೆ. ಇಳಿದ ತಕ್ಷಣ ನೀರು, ಉಪ್ಪು, ಅನ್ನ ಎಲ್ಲ ನಿಧಾನಕ್ಕೆ ತುಂಬಿಸಿಕೊಳ್ಳುತ್ತಾರೆ. ರಿಂಗಿಗೆ ಇಳಿಯುವ ಹೊತ್ತಿಗೆ ಅವರಿಗೆ ಒಂದು ಹಗಲು ಒಂದು ರಾತ್ರಿ ಪೂರ್ತಿ ಸಿಕ್ಕಿರುತ್ತದೆ. ಹಾಗೆ ಮಾಡಿದರೂ ಅವರಲ್ಲೇ ಎಷ್ಟೋ ಜನ ಕುಸಿದಿದ್ದಾರೆ. ನಮ್ಮ ಅಮೆಚೂರ್ ಆಟದಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ. ಇದು ನನಗೆ ಗೊತ್ತಿತ್ತು. ಆರು ಸಲ ಬೆಳಿಗ್ಗೆ ತಕ್ಕಡಿ ಹತ್ತಿದವನಿಗೆ ಗೊತ್ತಿಲ್ಲದೆ ಇರುತ್ತಾ? ಆದರೆ ಆ ಆರು ಸಲವೂ ನಾನು ತೂಕ ಇಳಿಸಿರಲಿಲ್ಲ. ಹಾಗಾಗಿ ಬೆಳಿಗ್ಗೆ ಎಂಟಕ್ಕೂ ಹನ್ನೊಂದಕ್ಕೂ ನಡುವೆ ಇರುವುದು ಮೂರೇ ಗಂಟೆ, ಅಷ್ಟರಲ್ಲಿ ಒಣಗಿದ ಮೈಗೆ ನೀರು ಹಿಡಿಯುವುದಿಲ್ಲ ಅನ್ನುವುದನ್ನು ನಾನು ಯೋಚನೆಯೇ ಮಾಡಲಿಲ್ಲ.

ಆಗ ನನ್ನ ತೂಕ 61 ಕೆಜಿ ಚಿಲ್ಲರೆ. ಹತ್ತು ದಿನದಲ್ಲಿ ನಾಲ್ಕು ಕೆಜಿಗೂ ಜಾಸ್ತಿ ಇಳಿಯಬೇಕು. ಅಮ್ಮನ ಅಕ್ಕಿ ರೊಟ್ಟಿ ಬಿಟ್ಟೆ. ಮಳೆಗಾಲದ ಜರ್ಕಿನ್ ಹಾಕಿ, ಒಳಗೆ ಎರಡು ಸ್ವೆಟರ್ ಹಾಕಿ ಕೈಮರದ ಕಡೆ ಓಡಿದೆ. ಕೊನೇ ಎರಡು ದಿನ ನೀರು ಬಿಟ್ಟು, ಬಾಯಿ ಒಣಗಿದಾಗ ಮುಕ್ಕಳಿಸಿ ಉಗಿಯುತ್ತಿದ್ದೆ. ತೂಕ ನೋಡಿಕೊಳ್ಳುತ್ತಿದ್ದದ್ದು ನಮ್ಮ ಬೀದಿಯ ಕಾಫಿ ಮಂಡಿಯಲ್ಲಿ. ಕೊಯ್ಲಿನ ಸಮಯ, ಚೀಲ ಬರುತ್ತಲೇ ಇರುತ್ತಿದ್ದವು. ಎರಡು ಚೀಲದ ನಡುವೆ ನಾನು ಹತ್ತಿ ನಿಲ್ಲುತ್ತಿದ್ದೆ. ಹಿಂದಿನ ರಾತ್ರಿ 58.1 ಬಂತು. ಮಂಡಿ ಅಣ್ಣ ನನ್ನ ಮುಖ ನೋಡಿ, "ಏನೋ ಇದು, ಮಾಯಿಶ್ಚರ್ ಪೂರ್ತಿ ಇಳಿಸಿದೀಯಲ್ಲ. ಪಾರ್ಚ್‌ಮೆಂಟ್ ಕಾಫಿ ಬೀಜ ಅತಿ ಒಣಗಿದ್ರೆ ಮಿಲ್ಲಲ್ಲಿ ಪುಡಿ ಆಗುತ್ತೆ, ಗೊತ್ತಲ್ವಾ?" ಅಂದರು. ನಾನು ಮತ್ತೆ ಓಡಲು ಹೋದೆ.

ಬೆಳಗಿನ ಮೊದಲ ಬಸ್ಸು. ಬೇಲೂರು ದಾಟುವವರೆಗೂ ಜರ್ಕಿನ್ ಜಿಪ್ ಕತ್ತಿನವರೆಗೆ ಎಳೆದುಕೊಂಡೇ ಕೂತಿದ್ದೆ. ಹಾಸನದಲ್ಲಿ ತಕ್ಕಡಿ ಹತ್ತಿದರೆ 56.9. ಖುಷಿಯಲ್ಲಿ ಎರಡು ಎಳನೀರು, ನಾಲ್ಕು ಇಡ್ಲಿ, ಮೇಲೆ ಒಂದು ಲೀಟರ್ ನೀರು, ಎಲ್ಲ ಒಂದೇ ಉಸಿರಿಗೆ. ಮೊದಲ ರೌಂಡಿನಲ್ಲಿ ಅದೆಲ್ಲ ಹೊಟ್ಟೆಯಲ್ಲಿ ಕುಲುಕುವುದು ನನಗೇ ಕೇಳಿಸುತ್ತಿತ್ತು. ಎರಡನೇ ರೌಂಡಿನಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು, ಹಿಂದೆ ಸರಿಯೋಣ ಅಂದರೆ ಕಾಲು ಬರಲಿಲ್ಲ. ಹೊಟ್ಟೆಗೆ ಒಂದು ಬಿತ್ತು. ದೊಡ್ಡ ಪೆಟ್ಟೇನೂ ಅಲ್ಲ. ಮಂಡಿಯೂರಿದೆ. ರೆಫರಿ ಪಂದ್ಯ ನಿಲ್ಲಿಸಿದರು. ಆ ಹುಡುಗ ನನಗಿಂತ ತುಂಬಾ ಸಾಧಾರಣ ಆಟಗಾರ, ಬೇರೆ ದಿನವಾಗಿದ್ದರೆ ಮೂರು ರೌಂಡೂ ನನ್ನದೇ.

ಡ್ರಿಪ್ ಹಾಕಿಸಿಕೊಂಡು ಸಂಜೆ ಬ್ಯಾಗ್ ತೆಗೆದುಕೊಳ್ಳಲು ಬಂದಾಗ ಸಕಲೇಶಪುರದ ಹುಡುಗ ಬೆಂಚಿನ ಮೇಲೆ ಕೂತಿದ್ದ. 60 ಕೆಜಿಗೆ ಹೆಸರು ಕೊಟ್ಟಿದ್ದವರು ನಾವಿಬ್ಬರೇ. ನಾನು ಕೆಳಗೆ ಇಳಿದಿದ್ದರಿಂದ ಅವನಿಗೆ ವಾಕ್‌ಓವರ್, ಪಂದ್ಯವೇ ಇಲ್ಲದೆ ಪದಕ. ಕೈಗೆ ಸುತ್ತಿದ ಬ್ಯಾಂಡೇಜನ್ನು ಇನ್ನೂ ಬಿಚ್ಚಿರಲಿಲ್ಲ. ಒಂದು ಕಲೆ ಇಲ್ಲ, ಒಂದು ಹನಿ ಬೆವರಿಲ್ಲ, ಬೆಳಿಗ್ಗೆ ಸುತ್ತಿದ ಹಾಗೇ ಬೆಳ್ಳಗೆ ಇತ್ತು. "ನಿನ್ನ ಜೊತೆ ಆಡೋಕೆ ಅಂತಾನೇ ಬಂದಿದ್ದೆ" ಅಂದ. ನನಗೆ ಉತ್ತರ ಕೊಡಲು ಆಗಲಿಲ್ಲ. ಮನೆಯಲ್ಲಿ ಅಪ್ಪ ಆಸ್ಪತ್ರೆಯ ವಿಷಯ ಕೇಳಿ ಗ್ಲೌಸ್ ಎತ್ತಿಟ್ಟರು, ಆಮೇಲೆ ನಾನು ರಿಂಗ್ ಹತ್ತಲಿಲ್ಲ. ಸೋತಿದ್ದಕ್ಕೆ ಇವತ್ತು ನನಗೆ ಬೇಜಾರಿಲ್ಲ. ಆ ಬೆಳ್ಳಗಿನ ಬ್ಯಾಂಡೇಜ್ ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಪೌಂಡ್ ಫಾರ್ ಪೌಂಡ್, ಅಂದರೆ ತೂಕದ ವ್ಯತ್ಯಾಸ ಬಿಟ್ಟು ನೋಡಿದರೆ ಯಾರು ಮೇಲು, ಅನ್ನುವ ಮಾತು ಜನಪ್ರಿಯ ಆಗಿದ್ದೇ ಶುಗರ್ ರೇ ರಾಬಿನ್ಸನ್ ಹೆಸರಿನ ಜೊತೆ. ನಿಮ್ಮ ಲೆಕ್ಕದಲ್ಲಿ ಆತ ಲಿಸ್ಟಿಗೇ ಬರುವುದಿಲ್ಲ, ಯಾಕಂದರೆ ಆತನ ಸೋಲು 19. ಮೊದಲ ಸೋಲು 1943ರ ಫೆಬ್ರವರಿಯಲ್ಲಿ, ಜೇಕ್ ಲಾಮೊಟ್ಟಾ ಎದುರು, ತನಗಿಂತ ಸುಮಾರು ಏಳು ಕೆಜಿ ಜಾಸ್ತಿ ಇದ್ದವನ ಎದುರು. ಅಲ್ಲಿಯವರೆಗೆ ಒಂದೂ ಸೋತಿರಲಿಲ್ಲ. ಮೂರೇ ವಾರದಲ್ಲಿ ಅದೇ ಲಾಮೊಟ್ಟಾ ಜೊತೆ ಮತ್ತೆ ಆಡಿ ಗೆದ್ದ. ಒಟ್ಟು ಆರು ಸಲ ಆಡಿ ಐದು ಗೆದ್ದ. 1952ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೂ ದಪ್ಪ ತೂಕದ ಜೋಯಿ ಮ್ಯಾಕ್ಸಿಮ್ ಮೇಲೆ ಹೋದ. ಅವತ್ತಿನ ಸೆಕೆ ಎಷ್ಟಿತ್ತು ಅಂದರೆ ಹತ್ತು ರೌಂಡಿಗೆ ರೆಫರಿಯೇ ಸುಸ್ತಾಗಿ ಬೇರೆಯವರು ಬರಬೇಕಾಯಿತು. ಅಂಕದಲ್ಲಿ ಮುಂದಿದ್ದ ರಾಬಿನ್ಸನ್ 14ನೇ ರೌಂಡಿಗೆ ಎದ್ದು ಬರಲು ಆಗಲಿಲ್ಲ. ದಾಖಲೆಯಲ್ಲಿ ಅದು ಒಂದು ಸೋಲು. ನನಗೆ ಅದು ಎಷ್ಟೋ ಜನರ ಇಪ್ಪತ್ತು ಗೆಲುವಿಗಿಂತ ದೊಡ್ಡದು.

ಮ್ಯಾನಿ ಪಾಕ್ವಿಯಾವೊನನ್ನು ಎಂಟು ಸೋಲು ಅಂತ ಕೆಳಗಿಟ್ಟಿದ್ದೀರಿ. ಆ ಎಂಟರಲ್ಲಿ ಒಂದು 1999ರದ್ದು. ಫ್ಲೈವೇಟ್ ಅನ್ನುವ 112 ಪೌಂಡಿನ ತೂಕಕ್ಕೆ ಇಳಿಯಲು ಆಗದೆ ವಿಶ್ವ ಪಟ್ಟವನ್ನು ತಕ್ಕಡಿಯ ಮೇಲೇ ಕಳೆದುಕೊಂಡ, ಆಮೇಲೆ ರಿಂಗಿನಲ್ಲಿ ಮೂರನೇ ರೌಂಡಿಗೆ ಹೊಟ್ಟೆಗೆ ಪೆಟ್ಟು ತಿಂದು ಬಿದ್ದ. ಇದನ್ನು ನಾನು ಹಾಸನದಿಂದ ಬಂದ ಎಷ್ಟೋ ದಿನಗಳ ಮೇಲೆ ಓದಿದೆ, ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆತ ಮಾಡಿದ್ದೇನು ಗೊತ್ತಾ? ಇನ್ನೂ ಇಳಿಯುವ ಗೋಜಿಗೆ ಹೋಗಲಿಲ್ಲ, ಮೇಲಕ್ಕೆ ಹತ್ತಿದ. 2001ರಲ್ಲಿ ಸೂಪರ್ ಬ್ಯಾಂಟಮ್ (122 ಪೌಂಡು) ಪಟ್ಟ. ಹತ್ತುತ್ತಾ ಹತ್ತುತ್ತಾ 2010ಕ್ಕೆ ಎಂಟು ತೂಕಗಳಲ್ಲಿ ವಿಶ್ವ ಚಾಂಪಿಯನ್.

ಫ್ಲಾಯ್ಡ್ ಮೇವೆದರ್ 50-0. ಮಹಾ ಆಟಗಾರ, ಅವನ ರಕ್ಷಣೆ ನೋಡಿ ನಾನು ಎಷ್ಟೋ ಕಲಿತಿದ್ದೇನೆ. ಆದರೆ ಪಾಕ್ವಿಯಾವೊ ಜೊತೆ ಪಂದ್ಯದ ಮಾತು ಮುರಿದುಬಿದ್ದದ್ದು 2010ರ ಜನವರಿ ಹೊತ್ತಿಗೆ, ಪಂದ್ಯ ನಡೆದದ್ದು 2015ರ ಮೇನಲ್ಲಿ. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36. ತಪ್ಪು ಯಾರದು ಅಂತ ನಾನು ಹೇಳಲು ಹೋಗುವುದಿಲ್ಲ. ಆ ಐದು ವರ್ಷ ನಿಮ್ಮ ಸೊನ್ನೆಯ ಕಾಲಮ್ಮಿನಲ್ಲಿ ಎಲ್ಲಿ ಕಾಣುತ್ತೆ ಹೇಳಿ?

ಹೆವಿವೇಟ್ ಆಳನ್ನೂ ಪುಟಾಣಿ ತೂಕದವನನ್ನೂ ಹೇಗೆ ಹೋಲಿಸುವುದು ಅಂತಲೂ ಕೇಳಿದ್ದೀರಿ. ಇಬ್ಬರನ್ನೂ ಒಂದೇ ಸೈಜಿಗೆ ಕುಗ್ಗಿಸಿ ಯಾರು ಗೆಲ್ಲುತ್ತಾರೆ ಅಂತ ಕಲ್ಪನೆ ಮಾಡಬೇಡಿ, ಅದಕ್ಕೆ ಕೊನೆ ಇಲ್ಲ. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವ ತೂಕಗಳು 17. ಕೆಳಗಡೆ ಒಂದರಿಂದ ಇನ್ನೊಂದಕ್ಕೆ ಮೂರು ನಾಲ್ಕು ಪೌಂಡು ಅಷ್ಟೇ, ಮೇಲೆ 175ರಿಂದ ಒಂದೇ ಸಲ 200 ಪೌಂಡಿಗೆ ಹಾರುತ್ತದೆ, ಅದರಾಚೆ ಮಿತಿಯೇ ಇಲ್ಲ. ಹಾಗಾಗಿ ಬರೀ ಪಟ್ಟಗಳನ್ನು ಎಣಿಸಿದರೂ ಮೋಸ ಹೋಗುತ್ತೀರಿ. ಜೊತೆಗೆ ಪ್ರತಿ ತೂಕಕ್ಕೂ ನಾಲ್ಕು ಸಂಸ್ಥೆಗಳು ನಾಲ್ಕು ಚಾಂಪಿಯನ್ ಬೆಲ್ಟ್ ಕೊಡುತ್ತವೆ. ನೀವು ಕೇಳಬೇಕಾದ್ದು ಇಷ್ಟೇ: ಅವನ ಕಾಲದಲ್ಲಿ ಅವನನ್ನು ಸೋಲಿಸಬಲ್ಲವರು ಯಾರಿದ್ದರು, ಅವರ ಹತ್ತಿರ ಇವನೇ ಹೋದನಾ, ಯಾರ ತೂಕದಲ್ಲಿ ಆಡಿದ?

ಈ ಪ್ರಶ್ನೆ ಹಾಕಿದರೆ ಈಗಿನವರಲ್ಲಿ ಒಲೆಕ್ಸಾಂಡರ್ ಉಸಿಕ್ ನನಗೆ ಒಂದನೇ ಜಾಗ. ಸೋಲಿಲ್ಲ ಅಂತ ಅಲ್ಲ. 2018ರಲ್ಲಿ ಹೆವಿವೇಟಿಗಿಂತ ಕೆಳಗಿನ ಕ್ರೂಸರ್‌ವೇಟಿನ ನಾಲ್ಕೂ ಬೆಲ್ಟ್ ಗೆದ್ದು ಅಲ್ಲೇ ಆರಾಮಾಗಿ ಇರಬಹುದಿತ್ತು. ಮೇಲೆ ಹೋಗಿ ಆಂಟನಿ ಜೋಶುವಾನನ್ನು ಎರಡು ಸಲ, ಟೈಸನ್ ಫ್ಯೂರಿಯನ್ನು 2024ರಲ್ಲೇ ಎರಡು ಸಲ ಸೋಲಿಸಿದ. ಫ್ಯೂರಿ ಜೊತೆ ಮೊದಲ ಪಂದ್ಯದಲ್ಲಿ ಇಬ್ಬರ ನಡುವೆ ಸುಮಾರು 17 ಕೆಜಿ ವ್ಯತ್ಯಾಸ. ಮೂರು ಕೆಜಿ ಮೇಲಿನ ತೂಕದಲ್ಲೇ ಉಳಿಯಲು ಹಿಂಜರಿದ ನನಗೆ ಅದರ ಬೆಲೆ ಗೊತ್ತು.

ಟೆರೆನ್ಸ್ ಕ್ರಾಫರ್ಡ್ 2025ರ ಕೊನೆಗೆ ನಿವೃತ್ತಿ ಹೇಳಿದ, ಇಲ್ಲದಿದ್ದರೆ ಉಸಿಕ್ ಪಕ್ಕದಲ್ಲೇ ಇಡುತ್ತಿದ್ದೆ. 154 ಪೌಂಡಿನ ಮೇಲೆ ಯಾವತ್ತೂ ಆಡದವನು 168ಕ್ಕೆ ಹತ್ತಿ ಕಾನೆಲೊ ಅಲ್ವಾರೆಜ್‌ನನ್ನು ಸೋಲಿಸಿದ. ಎರಡನೇ ಜಾಗ ನವೋಯಾ ಇನೋವೆಗೆ. 108ರಿಂದ 122 ಪೌಂಡಿನವರೆಗೆ ಬಂದವನು, ಆ ಮೈಗೆ ಅದು ಸಣ್ಣ ಏರಿಕೆ ಅಲ್ಲ. 2024ರ ಮೇನಲ್ಲಿ ಟೋಕಿಯೊ ಡೋಮಿನಲ್ಲಿ ಲೂಯಿಸ್ ನೆರಿ ಮೊದಲ ರೌಂಡಿಗೇ ಅವನನ್ನು ಬೀಳಿಸಿದಾಗ ನೆಲದಲ್ಲಿ ಮಂಡಿಯೂರಿ ಎಣಿಕೆ ಎಂಟಕ್ಕೆ ಬರುವವರೆಗೆ ಕಾದು ಎದ್ದನಲ್ಲ, ಆಮೇಲೆ ಆರನೇ ರೌಂಡಿಗೆ ನೆರಿಯನ್ನು ಮುಗಿಸಿದ. ಆ ಪಂದ್ಯ ಪೂರ್ತಿ ನೋಡಿ.

ಸಕಲೇಶಪುರದವನು ಈಗ ನನಗೆ ಒಳ್ಳೇ ಸ್ನೇಹಿತ. ಅವನ ತೋಟದ ಮನೆಯಲ್ಲೇ ಕ್ರಾಫರ್ಡ್-ಕಾನೆಲೊ ಪಂದ್ಯ ಭಾನುವಾರ ಬೆಳಿಗ್ಗೆ ನೋಡಿದ್ದು. ಅವನ ಪ್ರಕಾರ ಎರಡನೇ ಜಾಗ ಬ್ಯಾಮ್ ರಾಡ್ರಿಗಸ್‌ದು. 2022ರಲ್ಲಿ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಬೇರೆಯವರ ಬದಲಿಗೆ ಬಾ ಅಂತ ಕರೆದರು, ಮೇಲಿನ ತೂಕ ಅಂತ ಗೊತ್ತಿದ್ದೂ ಹೋಗಿ 22ನೇ ವಯಸ್ಸಿಗೆ ಕಾರ್ಲೋಸ್ ಕ್ವಾಡ್ರಾಸ್‌ನನ್ನು ಸೋಲಿಸಿ ಪಟ್ಟ ಗೆದ್ದ ಹುಡುಗ. 2024ರಲ್ಲಿ ಎಸ್ಟ್ರಾಡಾ ಅನ್ನುವ ಚಾಂಪಿಯನ್ ಆರನೇ ರೌಂಡಿನಲ್ಲಿ ಅವನನ್ನು ಬೀಳಿಸಿದರೆ ಏಳನೇ ರೌಂಡಿನಲ್ಲಿ ಪಂದ್ಯವನ್ನೇ ಮುಗಿಸಿದ. ನಾನು ಬ್ಯಾಮ್‌ಗೆ ಮೂರನೇ ಜಾಗ ಕೊಡುತ್ತೇನೆ, ಇದೇ ವಿಷಯಕ್ಕೆ ನಮ್ಮಿಬ್ಬರಿಗೆ ಫೋನಿನಲ್ಲಿ ಜಗಳ ನಡೆಯುತ್ತಲೇ ಇರುತ್ತೆ. ನಿಮ್ಮ ಹತ್ತರಲ್ಲಿ ಬ್ಯಾಮ್ ಹೆಸರೇ ಇಲ್ಲ. ಮೊದಲು ಅದನ್ನು ಸೇರಿಸಿ, ಆಮೇಲೆ ಸೋಲಿನ ಕಾಲಮ್ಮನ್ನು ಅಳಿಸಿ ಪಟ್ಟಿ ಮತ್ತೆ ಹಾಕಿ, ಸಕಲೇಶಪುರದವನಿಗೂ ತೋರಿಸುತ್ತೇನೆ.