ಟಚ್ ಪ್ಯಾನೆಲ್ ಕೊಳ್ಳುವ ಮುಂಚೆ ಕೊನೆಯ ಸಾಲಿನಲ್ಲಿ ಕೂತು ನೋಡಿ

ನಿಮ್ಮ ಪ್ರಶ್ನೆ ನೋಡಿದೆ ಸರ್. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದೂವರೆ ಲಕ್ಷ ಕೂಡಿಸಿದ್ದೀರಿ. ಅಂಗಡಿಯವರು 65 ಇಂಚಿನ ಟಚ್ ಪ್ಯಾನೆಲ್ ತಗೊಳ್ಳಿ ಅಂತಿದ್ದಾರೆ, ತಗೊಳ್ಳೋದಾ ಬೇಡವಾ ಅಂತ ಕೇಳಿದ್ದೀರಿ. ನಾನು ವಿಜ್ಞಾನ, ಗಣಿತ ಹೇಳಿಕೊಡುವ ಮೇಷ್ಟ್ರು. ದುಡ್ಡನ್ನೆಲ್ಲ ಪ್ಯಾನೆಲ್ ಒಂದಕ್ಕೇ ಸುರಿಯಬೇಡಿ ಅಂತಲೇ ಹೇಳುತ್ತೇನೆ.

ನಾನು ಮುಂಚೆ ಇದ್ದ ಶಾಲೆಗೆ ದಾನಿಗಳು 43 ಇಂಚಿನ ಪರದೆ ಕೊಟ್ಟಿದ್ದರು. ಮೊದಲ ದಿನ ಐದನೇ ತರಗತಿಗೆ ಒಂದು ಕನ್ನಡ ಪಾಠ ಹಾಕಿದೆ. ಹಿಂದಿನ ಸಾಲಿನ ಹುಡುಗ ಎದ್ದು ನಿಂತು, "ಸಾರ್, ಹಳ ಅಂದ್ರೇನು?" ಅಂದ. ಪರದೆ ಮೇಲೆ ಇದ್ದದ್ದು "ಹಳ್ಳ". ಕೆಳಗಿನ ಒತ್ತು ಅವನಿಗೆ ಕಂಡೇ ಇರಲಿಲ್ಲ. ಹೋಗಿ ಅವನ ಪಕ್ಕ ಕೂತೆ. ನನಗೂ ಕಾಣಲಿಲ್ಲ! ಅಂಗಡಿಯಲ್ಲಿ ಇಂಗ್ಲಿಷ್ ದಪ್ಪಕ್ಷರ, ಬಣ್ಣಬಣ್ಣದ ವಿಡಿಯೋ ಹಾಕಿ ತೋರಿಸುತ್ತಾರೆ, ಅದು ಎಷ್ಟು ದೂರದಿಂದಲೂ ಚೆನ್ನಾಗೇ ಕಾಣುತ್ತದೆ. ನಮ್ಮ ಒತ್ತಕ್ಷರ ಸಣ್ಣದು, ಅದೇ ಮೊದಲು ಮಸುಕಾಗುವುದು.

ಅದಕ್ಕೆ ಮೊದಲು ಕೋಣೆ ಅಳೆಯಿರಿ. ಪರದೆಯ ಎತ್ತರದ ಆರು ಪಟ್ಟು ದೂರದೊಳಗೆ ಕೊನೆಯ ಮಗು ಕೂತಿರಬೇಕು ಅನ್ನೋದು ಒಂದು ಸುಲಭ ಲೆಕ್ಕ. 43 ಇಂಚಿನ ಟಿವಿಯ ಎತ್ತರ ಸುಮಾರು 21 ಇಂಚು, ಅಂದರೆ ಹತ್ತೂವರೆ ಅಡಿ ಸಿಗುತ್ತದೆ. 65 ಇಂಚಿನದರ ಎತ್ತರ 32 ಇಂಚು, 16 ಅಡಿ ಆಯಿತು. ಪಾಠ ಪುಸ್ತಕದ ಒಂದು ಪುಟವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಅಷ್ಟೇ ದೂರ ನಿಂತು ಓದಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಹಾಗಾದರೆ 65 ಇಂಚೇ ಇರಲಿ, ಆದರೆ ಟಚ್ ಬೇಕಾ? ಟಚ್ ಇದ್ದರೆ ಮುಂದೆ ಬಂದು ಮುಟ್ಟುವುದು ಒಂದೇ ಮಗು. ನಾನು ಈಗ ಮಾಮೂಲಿ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ, ವೈರ್ ಇಲ್ಲದ ಮೌಸನ್ನು ಮಕ್ಕಳ ಕೈಗೇ ಕೊಡುತ್ತೇನೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ (PhET) ಅಂತ ಒಂದು ವೆಬ್‌ಸೈಟ್ ಇದೆ, ವಿಜ್ಞಾನ, ಗಣಿತದ ಪ್ರಯೋಗಗಳನ್ನು ಪರದೆ ಮೇಲೇ ಮಾಡಿ ನೋಡಬಹುದು. ಪುಕ್ಕಟೆ, ಹಲವು ಕನ್ನಡದಲ್ಲೂ ಇವೆ, ಇಳಿಸಿಟ್ಟುಕೊಂಡರೆ ನೆಟ್ ಬೇಡ. ಹೋದ ವಾರ ಹಿಂದೆ ಕೂರುವ ಒಬ್ಬ ಹುಡುಗಿ ತೊಡೆ ಮೇಲೆ ಸ್ಲೇಟ್ ಇಟ್ಟು, ಅದರ ಮೇಲೆ ಮೌಸ್ ಆಡಿಸುತ್ತ ಬ್ಯಾಟರಿಗೆ ಎರಡು ಬಲ್ಬ್ ಜೋಡಿಸಿದಳು. ಬಲ್ಬ್ ಮಂಕಾಯಿತು. "ಇನ್ನೊಂದು ಬ್ಯಾಟರಿ ಹಾಕೇ!" ಅಂತ ಕ್ಲಾಸೆಲ್ಲ ಕೂಗಿತು. ನಾನು ಬಾಯಿ ಬಿಡಬೇಕಾಗಲಿಲ್ಲ.

2018ರಲ್ಲಿ ಕೇರಳದವರು 4,752 ಶಾಲೆಗಳ 45,000 ತರಗತಿ ಕೋಣೆಗಳನ್ನು ಹೈಟೆಕ್ ಮಾಡಲು ಹೊರಟಾಗ ಆರಿಸಿದ್ದೂ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರನ್ನೇ. ಹೀಗೆ ಬಿಡಿಬಿಡಿಯಾಗಿದ್ದರೆ ಒಂದು ಕೆಟ್ಟರೆ ಅದನ್ನಷ್ಟೇ ರಿಪೇರಿಗೆ ಒಯ್ಯಬಹುದು. ನಿಮ್ಮ ಕೋಣೆಯಲ್ಲಿ ಬೆಳಕು ಜಾಸ್ತಿ ಇದ್ದರೆ ಮಾತ್ರ ಪ್ರೊಜೆಕ್ಟರ್ ಬೇಡ, ಪರದೆ ಬೆಳ್ಳಗಾಗುತ್ತದೆ.

ಕರೆಂಟ್ ಹೋದರೆ ಏನು ಅಂತ ಯಾರೂ ಯೋಚಿಸುವುದಿಲ್ಲ. ಟಿವಿ, ಲ್ಯಾಪ್‌ಟಾಪ್ ಎರಡೂ ಸೇರಿ ಸುಮಾರು 200 ವ್ಯಾಟ್ ಅಂತ ಇಟ್ಟುಕೊಳ್ಳಿ. ಇನ್ವರ್ಟರ್‌ನ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಿ, ಸುಮಾರು ನಾಲ್ಕು ಗಂಟೆ ಬರುತ್ತದೆ. ಜೊತೆಗೆ ಅರ್ಥಿಂಗ್ ಸರಿ ಮಾಡಿಸಿ. ಸಿಡಿಲು ಬರುವ ಹೊತ್ತಿಗೆ ಪ್ಲಗ್ ಕಿತ್ತಿಡಲು ಇಬ್ಬರು ಮಕ್ಕಳಿಗೆ ಹೇಳದೆ, ದೊಡ್ಡವರೇ ಒಬ್ಬರು ಆ ಕೆಲಸ ವಹಿಸಿಕೊಳ್ಳಲಿ.

ಒಂದರಿಂದ ಮೂರರ ನಲಿಕಲಿ ಮಕ್ಕಳ ಕೋಣೆಗೆ ಪರದೆಯೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಅವರು ಗುಂಪುಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುವವರು. ಅಲ್ಲಿಗೆ ಒಳ್ಳೆ ಕತೆ ಪುಸ್ತಕ ಕೊಡಿ.

ಇನ್ನೊಂದು. ಆ ಹಳೆ ಶಾಲೆಯಲ್ಲಿ ಪಾಸ್‌ವರ್ಡ್ ಗೊತ್ತಿದ್ದದ್ದು ಒಬ್ಬ ಟೀಚರಿಗೆ ಮಾತ್ರ. ಅವರಿಗೆ ವರ್ಗ ಆಯಿತು, ಪರದೆ ಐದು ತಿಂಗಳು ಬಟ್ಟೆ ಹೊದ್ದು ಕೂತಿತ್ತು. ಹೊಟ್ಟೆ ಉರಿಯುತ್ತಿತ್ತು ನೋಡಿದಾಗೆಲ್ಲ. ಕನಿಷ್ಠ ಮೂವರು ಶಿಕ್ಷಕರಿಗೆ ಕಲಿಸಿ, ಪಾಸ್‌ವರ್ಡನ್ನು ಎಚ್‌ಎಂ ಹತ್ತಿರ ಬರೆದಿಡಿಸಿ. 20 ಸಾವಿರವನ್ನು ರಿಪೇರಿಗೆ ಅಂತ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಹೆಸರಲ್ಲೇ ಬಿಡಿ.

ಕೋಣೆಯ ಉದ್ದ ಎಷ್ಟು, ಕಿಟಕಿ ಯಾವ ಕಡೆಗಿವೆ ಅಂತ ಇಲ್ಲೇ ಹಾಕಿ. ಎಷ್ಟು ಇಂಚು ಬೇಕು ಅಂತ ನಾನೇ ಲೆಕ್ಕ ಮಾಡಿ ಹೇಳುತ್ತೇನೆ.