ಐಇಎಲ್‌ಟಿಎಸ್ ಎಸ್ಸೇ: ಗ್ರಾಮರ್ ಸರಿಯಿದ್ದರೂ 6 ದಾಟದಿದ್ದರೆ

ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಗ್ರಾಮರ್ ಪರವಾಗಿಲ್ಲ, ಆದರೂ ವಿದೇಶದಲ್ಲಿ ಓದಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ ಎರಡು ಸಲವೂ 9ಕ್ಕೆ 6 ದಾಟಲಿಲ್ಲ, ಎಸ್ಸೇಗೆ ಸ್ಟ್ರಕ್ಚರ್ ಇಲ್ಲ ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಪರೀಕ್ಷೆ ಹೇಗೋ ದಾಟಿ ಇಂಗ್ಲೆಂಡಿಗೆ ಎಂ.ಎ. ಓದಲು ಹೋದೆ. ಅಲ್ಲಿ ಬರೆದ ಮೊದಲ ಎಸ್ಸೇಗೆ 100ಕ್ಕೆ 48 ಬಂತು. ಪಾಸಾಗಲು 50 ಬೇಕಿತ್ತು.

ವಾಪಸ್ ಬಂದ ಹಾಳೆಗಳಲ್ಲಿ ಕೆಂಪು ಗೆರೆ ಜಾಸ್ತಿ ಇರಲಿಲ್ಲ. ಕೊನೆಯ ಪ್ಯಾರಾದ ಕೊನೆಯ ವಾಕ್ಯಕ್ಕೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ, ಮೇಷ್ಟ್ರು ಪಕ್ಕದಲ್ಲಿ ಕೇಳಿದ್ದರು: ಇದನ್ನು ಮೊದಲ ಪುಟದಲ್ಲೇ ಯಾಕೆ ಹೇಳಲಿಲ್ಲ?

ಯಾಕೆ ಅಂದರೆ ನಮಗೆ ಬೇರೆ ಥರ ಕಲಿಸಿದ್ದಾರೆ. ಹೈಸ್ಕೂಲಿನ ಪ್ರಬಂಧ ನೆನಪಿದೆಯಲ್ವಾ? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆಗೆ ಒಂದು ಗಾದೆ, ನಡುವೆ ಗೊತ್ತಿದ್ದದ್ದೆಲ್ಲ, ಕೊನೆಗೆ 'ಆದ್ದರಿಂದ ನಾವೆಲ್ಲರೂ ಪರಿಸರವನ್ನು ಉಳಿಸೋಣ'. ನಿನಗೇನನ್ನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಅಕಾಡೆಮಿಕ್ ಎಸ್ಸೇಗೆ ಮೊದಲು ಬೇಕಾದ್ದೇ ಅದು. ನಮ್ಮ ಕಡೆ ಯಾರ ಹತ್ತಿರವಾದರೂ ಸಾಲ ಕೇಳಲು ಹೋದರೆ ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು, ಹೊರಡುವಾಗ ಹೊಸ್ತಿಲ ಮೇಲೆ ನಿಂತು ವಿಷಯ ತೆಗೆಯುತ್ತೇವೆ. ನಾನು ಬರೆದ ಎಸ್ಸೇ ಕೂಡ ಹಾಗೇ ಇತ್ತು. ಅಲ್ಲಿ ಬಾಗಿಲು ತೆಗೆದ ಕೂಡಲೇ ಬಂದ ಕೆಲಸ ಹೇಳಿಬಿಡಬೇಕು. ಕನ್ನಡಿಗನಿಗೆ ಇದು ಸ್ವಲ್ಪ ಒರಟು ಅನ್ನಿಸುತ್ತದೆ, ನಿಜ.

ಒಂದು ಉದಾಹರಣೆ ನೋಡೋಣ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: 'ನಗರದ ನಡುಭಾಗಕ್ಕೆ ಖಾಸಗಿ ಕಾರುಗಳನ್ನು ಬಿಡಬಾರದು. ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?' ಆಗಿನ ನಾನಾಗಿದ್ದರೆ ಬರೆಯುತ್ತಿದ್ದ ಪ್ಯಾರಾ ಕನ್ನಡದಲ್ಲಿ ಹೀಗಿರುತ್ತಿತ್ತು:

'ಇಂದಿನ ಆಧುನಿಕ ಯುಗದಲ್ಲಿ ಕಾರು ಎಲ್ಲರಿಗೂ ಬೇಕಾಗಿದೆ. ಜನಸಂಖ್ಯೆ ಹೆಚ್ಚುತ್ತಿದೆ. ಹೊಗೆಯಿಂದ ಆರೋಗ್ಯ ಕೆಡುತ್ತದೆ. ಸರ್ಕಾರ ರಸ್ತೆ ಅಗಲ ಮಾಡಬೇಕು. ಜನರೂ ಸಹಕರಿಸಬೇಕು.'

ಒಂದೂ ಸುಳ್ಳಲ್ಲ. ಆದರೆ ಎರಡನೇ ವಾಕ್ಯವನ್ನು ನಾಲ್ಕನೆಯದರ ಜಾಗಕ್ಕೆ ಹಾಕಿ ನೋಡಿ. ಏನೂ ವ್ಯತ್ಯಾಸ ಆಗುವುದಿಲ್ಲ! ಸ್ಟ್ರಕ್ಚರ್ ಇಲ್ಲ ಅಂದರೆ ಇದೇ. ಈಗ ಇದನ್ನು ನೋಡಿ:

'ಕಾರುಗಳನ್ನು ಪೂರ್ತಿ ನಿಲ್ಲಿಸುವುದಕ್ಕಿಂತ ಶುಲ್ಕ ಹಾಕುವುದು ಮೇಲು. ಶುಲ್ಕ ಇದ್ದರೆ, ಸುಮ್ನೆ ಸುತ್ತಲು ಬರುವವನು ಎರಡು ಸಲ ಯೋಚಿಸುತ್ತಾನೆ; ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ದುಡ್ಡು ಕಟ್ಟಿ ಹೋಗುತ್ತಾನೆ. ಲಂಡನ್ 2003ರಲ್ಲಿ ಹಿಡಿದದ್ದು ಇದೇ ದಾರಿ: ನಡುನಗರಕ್ಕೆ ಬರುವ ಕಾರಿಗೆ ದಿನಕ್ಕೆ 5 ಪೌಂಡ್. ಪೂರ್ತಿ ನಿಷೇಧವಾದರೆ ಈ ಇಬ್ಬರಿಗೂ ಒಂದೇ ನಿಯಮ.'

ಮೊದಲ ವಾಕ್ಯ ನನ್ನ ಮಾತು, ಎರಡನೆಯದು ಕಾರಣ, ಮೂರನೆಯದು ಉದಾಹರಣೆ. ಕೊನೆಯದು ಮತ್ತೆ ಪ್ರಶ್ನೆಗೆ ಬಂದು ಮುಟ್ಟುತ್ತದೆ. ಇಲ್ಲಿ ವಾಕ್ಯಗಳನ್ನು ಅದಲುಬದಲು ಮಾಡಿದರೆ ಪ್ಯಾರಾ ಮುರಿದು ಬೀಳುತ್ತದೆ.

ಹಾಗಂತ ಎಲ್ಲ ಪ್ಯಾರಾಗೂ ಇದೇ ಅಚ್ಚು ಒತ್ತಬೇಡಿ. ಪ್ಯಾರಾದ ಮೊದಲ ವಾಕ್ಯದಲ್ಲಿ ಒಂದು ಮಾತು ಹೇಳಿ, ಕೆಳಗಿನದೆಲ್ಲ ಅದಕ್ಕೇ ದುಡಿಯಲಿ.

ನನಗೆ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸ ಇನ್ನೊಂದಿದೆ. ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ 'ಇದು ಏನು ಹೇಳುತ್ತದೆ' ಎಂದು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಮನೆಯವರಿಗೆ ಹೇಳುವ ಹಾಗೆ. ಬರೆಯಲು ಆಗಲಿಲ್ಲವೋ, ಆ ಪ್ಯಾರಾದಲ್ಲಿ ಎರಡು ವಿಷಯ ಇವೆ, ಇಲ್ಲವೇ ಒಂದೂ ಇಲ್ಲ. ಆಮೇಲೆ ಪಕ್ಕದ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ಅವೇ ಒಂದು ಸಣ್ಣ ವಾದದ ಹಾಗೆ ಕೇಳಿಸಬೇಕು. ಇಂಗ್ಲಿಷ್‌ನಲ್ಲೇ ಯೋಚಿಸಿ ಎಂದು ಕೋಚಿಂಗ್‌ನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯೋಚನೆ ಯಾವ ಭಾಷೆಯಲ್ಲಿ ಸಲೀಸೋ ಅದರಲ್ಲೇ ಮಾಡಿ.

ಆದರೆ ವಾಕ್ಯವನ್ನು ಮಾತ್ರ ಕನ್ನಡದಿಂದ ಎತ್ತಿಡಬೇಡಿ. ನಾವು 'ಹೋಗಿ, ನೋಡಿ, ಕೇಳಿ, ಬಂದು' ಎಂದು ಎಳೆದು ಕೊನೆಗೆ ಒಂದೇ ಕ್ರಿಯಾಪದದಲ್ಲಿ ಕಟ್ಟುತ್ತೇವೆ. ಇಂಗ್ಲಿಷ್‌ನಲ್ಲಿ ಅದು ಐದು ಸಾಲಿನ 'ಆಂಡ್... ಆಂಡ್...' ಆಗುತ್ತದೆ. ಅಲ್ಲಿ ಎರಡು ವಾಕ್ಯ ಮಾಡಿ.

'ಮೋರೋವರ್', 'ಫರ್ದರ್‌ಮೋರ್' ಬಗ್ಗೆ ಹೇಳಲೇಬೇಕು. ಇವನ್ನು ಪ್ರತಿ ವಾಕ್ಯಕ್ಕೂ ಅಂಟಿಸಿದರೆ ಸ್ಟ್ರಕ್ಚರ್ ಬರುತ್ತದೆ ಅನ್ನೋದು ದೊಡ್ಡ ಭ್ರಮೆ. ಅವು ಗಾರೆ ಇದ್ದ ಹಾಗೆ, ಇಟ್ಟಿಗೆ ಇಲ್ಲದೆ ಬರೀ ಗಾರೆಯಲ್ಲಿ ಗೋಡೆ ಏಳುತ್ತದಾ? ಬೇರೆ ಬೇರೆ ಸಂದರ್ಭಕ್ಕೆ ಒಪ್ಪುವ ನುಡಿಗಟ್ಟು ಬೇಕಿದ್ದರೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ 'ಅಕಾಡೆಮಿಕ್ ಫ್ರೇಸ್‌ಬ್ಯಾಂಕ್' ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಿಂದ ಒಂದೊಂದು ತೆಗೆದು ಬಳಸಿ. ಇಡೀ ಎಸ್ಸೇ ಬಾಯಿಪಾಠ ಮಾಡಿ ಹೋಗಬೇಡಿ, ಪರೀಕ್ಷಕರಿಗೆ ಗೊತ್ತಾಗುತ್ತದೆ, ಅಂಕ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಪರೀಕ್ಷೆಯ ಲೆಕ್ಕ. ರೈಟಿಂಗ್‌ಗೆ ಒಟ್ಟು 60 ನಿಮಿಷ. ಟಾಸ್ಕ್ 2, ಅಂದರೆ ಎಸ್ಸೇ, ಕನಿಷ್ಠ 250 ಪದ, ಟಾಸ್ಕ್ 1ರ (ಗ್ರಾಫ್ ವಿವರಣೆ ಇಲ್ಲವೇ ಪತ್ರ) ಎರಡರಷ್ಟು ತೂಕ. ಅದಕ್ಕೇ 40 ನಿಮಿಷ ಇಡಿ ಎನ್ನುವುದು. ನೋಡುವುದು ನಾಲ್ಕು ಅಂಶ, ನಾಲ್ಕಕ್ಕೂ ಸಮ ಪಾಲು. ಗ್ರಾಮರ್ ಮತ್ತು ಪದಬಳಕೆ ಸೇರಿ ಅರ್ಧ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಮಾತು ಒಂದಕ್ಕೊಂದು ಹೊಂದಿಕೊಂಡಿದೆಯಾ ಅನ್ನೋದು ಇನ್ನರ್ಧ. ನಿಮ್ಮ 6 ಸಿಕ್ಕಿಕೊಂಡಿರುವುದು ಬಹುಶಃ ಈ ಇನ್ನರ್ಧದಲ್ಲೇ.

ನಾನಾದರೆ ಮೊದಲ ಏಳೆಂಟು ನಿಮಿಷ ಎಸ್ಸೇಯ ಒಂದಕ್ಷರವೂ ಬರೆಯದೆ ಪ್ಲಾನ್ ಮಾಡುತ್ತೇನೆ: ನನ್ನ ನಿಲುವು ಒಂದು ಸಾಲು, ಎರಡು ಪ್ಯಾರಾಗೆ ಎರಡು ಸಾಲು. ಪಕ್ಕದವರು ಆಗಲೇ ಪರಪರ ಬರೆಯುತ್ತಿರುತ್ತಾರೆ, ಕೈ ತುರಿಸುತ್ತದೆ, ತಡೆದುಕೊಳ್ಳಿ. ಕೊನೆಯ ಐದು ನಿಮಿಷ 'ಎ', 'ದಿ' ಮತ್ತು ಬಹುವಚನದ 'ಎಸ್' ನೋಡಲು. ಕನ್ನಡದಲ್ಲಿ ಆ 'ಎ', 'ದಿ' ಇಲ್ಲವಲ್ಲ, ನಾನು ಇವತ್ತಿಗೂ ಆಫೀಸ್ ಮೇಲ್‌ನಲ್ಲಿ ಮರೆಯುತ್ತೇನೆ.